ಮೊದಲ ಒಂದು ಲಕ್ಷ ಡಾಲರು

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿ ಒಂದು ಆಕ್ಷೇಪ ಪದೇ ಪದೇ ಕಾಣಿಸಿಕೊಳ್ಳುತ್ತದೆ. "ಸರ್, ಹೊಸ ಶಕ್ತಿಮೂಲಗಳ ಹೆಸರಿನಲ್ಲಿ ಸರ್ಕಾರ ಸಣ್ಣ ಕಂಪನಿಗಳಿಗೆ ಹಣ ಸುರಿಯುವುದು ತೆರಿಗೆ ಕಟ್ಟುವವರಿಗೆ ಮಾಡುವ ದ್ರೋಹ. ಸೋಲಿಂಡ್ರಾ ಏನಾಯಿತೆಂದು ನಿಮಗೂ ಗೊತ್ತಲ್ಲವೇ?" ಎಂಬುದು ಅದರ ಸಾರಾಂಶ. ಇನ್ನು ಕೆಲವರು ಅಂತಹ ಅನುದಾನದಿಂದಲೇ ನಡೆಯುವ ಪುಟ್ಟ ಪ್ರಯೋಗಾಲಯಗಳಲ್ಲಿ ದುಡಿಯುವವರು. ಅವರ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಇಬ್ಬರೂ ನನ್ನವರೇ ಆದುದರಿಂದ ಇಷ್ಟು ದಿನ ಎರಡೂ ಕಡೆಯ ವಾದವನ್ನು ಕೇಳಿಕೊಂಡಿದ್ದೆ. ಈಗ ನನ್ನ ಅಭಿಪ್ರಾಯವನ್ನು ಬರೆದುಬಿಡುತ್ತೇನೆ. ನಿವೃತ್ತ ಮೇಷ್ಟರಿಗೆ ಅಮೆರಿಕದ ಖಜಾನೆಯ ಚಿಂತೆ ಏಕೆಂದು ಕೇಳಬೇಡಿ. ಈ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬಂದು ನಿಂತಿದೆ. ಆ ಮಾತನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಸೋಲಿಂಡ್ರಾದ ವಿಷಯ ತೀರಿಸಿಬಿಡೋಣ. ಕೊಳವೆಯ ಆಕಾರದ ಸೌರಫಲಕಗಳನ್ನು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಆ ಕಂಪನಿಗೆ 2009ರಲ್ಲಿ ಅಮೆರಿಕದ ಇಂಧನ ಇಲಾಖೆ 53 ಕೋಟಿ 50 ಲಕ್ಷ ಡಾಲರಿನ ಸಾಲಕ್ಕೆ ಖಾತರಿ ನೀಡಿತು. ಸಿಲಿಕಾನ್ ಫಲಕಗಳ ಬೆಲೆ ಕುಸಿದು ಕಂಪನಿ 2011ರಲ್ಲಿ ದಿವಾಳಿಯಾಯಿತು. ಇದು ನಿಜ. ಆದರೆ ಆ ಹಣ ಹೋದದ್ದು ಕಾರ್ಖಾನೆ ಕಟ್ಟುವುದಕ್ಕೆ, ಸಂಶೋಧನೆಗಲ್ಲ. ಕಾರ್ಖಾನೆಗೆ ಕೊಟ್ಟ ಸಾಲವನ್ನೂ ಪ್ರಯೋಗಕ್ಕೆ ಕೊಟ್ಟ ಅನುದಾನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮದುವೆಯ ಖರ್ಚನ್ನೂ ಜಾತಕ ನೋಡಿಸಿದ ಖರ್ಚನ್ನೂ ಒಂದೇ ಬಾಬಿನಲ್ಲಿ ಬರೆದಂತೆ. ಅಷ್ಟು ಹಣವನ್ನು ತಲಾ 2 ಲಕ್ಷ ಡಾಲರಿನಂತೆ ಹಂಚಿದ್ದರೆ 2,675 ಪ್ರಯೋಗಗಳಾಗುತ್ತಿದ್ದವು. ನಾನು ಹೇಳಹೊರಟಿರುವುದು ಆ 2 ಲಕ್ಷದ ವಿಷಯವನ್ನೇ.

ಅಮೆರಿಕದಲ್ಲಿ ಎಸ್‌ಬಿಐಆರ್ ಎಂಬ ಯೋಜನೆಯೊಂದಿದೆ. ಸಣ್ಣ ಉದ್ದಿಮೆಗಳ ನವೀನ ಸಂಶೋಧನೆಗೆ ಸರ್ಕಾರ ನೀಡುವ ನೆರವು ಎಂದು ಅದರ ಅರ್ಥ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿದ್ದ ರೋಲಂಡ್ ಟಿಬೆಟ್ಸ್ ಎಂಬ ಅಧಿಕಾರಿಯ ಕಲ್ಪನೆಯಿಂದ 1977ರಲ್ಲಿ ಅದು ಚಿಕ್ಕದಾಗಿ ಆರಂಭವಾಯಿತು. 1982ರಲ್ಲಿ ರೇಗನ್ ಸಹಿ ಹಾಕಿ ಕಾನೂನಾಯಿತು. ಸರ್ಕಾರ ಎಲ್ಲದರಿಂದಲೂ ಹಿಂದೆ ಸರಿಯಬೇಕೆಂದು ಸಾರುತ್ತಿದ್ದ ಅಧ್ಯಕ್ಷರೇ ಇದಕ್ಕೆ ಸಹಿ ಹಾಕಿದರೆಂಬುದನ್ನು ಆಕ್ಷೇಪಿಸುವ ಶಿಷ್ಯರು ಗಮನಿಸಬೇಕು. ಆಗ ಇದನ್ನು ಬಲವಾಗಿ ವಿರೋಧಿಸಿದವರು ಯಾರು ಬಲ್ಲಿರಾ? ದೊಡ್ಡ ವಿಶ್ವವಿದ್ಯಾಲಯಗಳು! ತಮ್ಮ ಪಾಲಿನ ಸಂಶೋಧನಾ ಹಣ ಕಡಿಮೆಯಾದೀತೆಂಬ ಆತಂಕ ಅವುಗಳದು.

ಕಾನೂನಿನ ತಿರುಳು ಸರಳವಾದುದು. ಯಾವ ಸರ್ಕಾರಿ ಇಲಾಖೆ ಹೊರಗಿನವರ ಸಂಶೋಧನೆಗೆ ವರ್ಷಕ್ಕೆ 10 ಕೋಟಿ ಡಾಲರಿಗಿಂತ ಹೆಚ್ಚು ವ್ಯಯಿಸುತ್ತದೆಯೋ ಆ ಇಲಾಖೆ ಅದರಲ್ಲೊಂದು ಪಾಲನ್ನು ಸಣ್ಣ ಉದ್ದಿಮೆಗಳಿಗೆ ಮೀಸಲಿಡಬೇಕು. ಮೊದಲ ವರ್ಷ ಶೇಕಡ 0.2ರಷ್ಟಿದ್ದ ಪಾಲು 2017ರ ಆರ್ಥಿಕ ವರ್ಷದ ಹೊತ್ತಿಗೆ ಶೇಕಡ 3.2 ಮುಟ್ಟಿತು. ಸಣ್ಣ ಉದ್ದಿಮೆಯೆಂದರೆ 500 ಜನ ನೌಕರರನ್ನು ಮೀರದ್ದು. (ನಮ್ಮ ಕಡೆ 500 ಜನ ದುಡಿಯುವ ಜಾಗವನ್ನು ಸಣ್ಣದೆಂದರೆ ಜನ ನಕ್ಕಾರು.) ಮೊದಲ ಹಂತದಲ್ಲಿ ಆರು ತಿಂಗಳಿಂದ ಒಂದು ವರ್ಷದ ಅವಧಿ, ಇಂಧನ ಇಲಾಖೆ ಕೊಡುತ್ತ ಬಂದದ್ದು ಸುಮಾರು 2 ಲಕ್ಷ ಡಾಲರು. "ನಿನ್ನ ಕಲ್ಪನೆ ನಡೆಯುತ್ತದೆಯೋ ಇಲ್ಲವೋ, ಮಾಡಿ ತೋರಿಸು" ಎಂಬುದಷ್ಟೇ ಅಲ್ಲಿನ ಪ್ರಶ್ನೆ. ನಡೆಯುತ್ತದೆಯೆಂದು ತೋರಿದವರಲ್ಲಿ ಕೆಲವರಿಗೆ ಎರಡನೆಯ ಹಂತದಲ್ಲಿ ಸುಮಾರು 11 ಲಕ್ಷ ಡಾಲರು, ಎರಡು ವರ್ಷ. ಮೂರನೆಯ ಹಂತವೆಂದರೆ ಮಾರುಕಟ್ಟೆ; ಅಲ್ಲಿಗೆ ಈ ಯೋಜನೆಯ ಹಣವಿಲ್ಲ. ಕೊಟ್ಟ ಹಣಕ್ಕೆ ಸರ್ಕಾರ ಬಡ್ಡಿ ಕೇಳುವುದಿಲ್ಲ, ಅಸಲನ್ನೂ ಕೇಳುವುದಿಲ್ಲ, ಕಂಪನಿಯ ಷೇರನ್ನೂ ಕೇಳುವುದಿಲ್ಲ. ಆವಿಷ್ಕಾರದ ಹಕ್ಕು ಆವಿಷ್ಕರಿಸಿದ ಉದ್ದಿಮೆಯದೇ.

ಇಂತಹ ಔದಾರ್ಯದಿಂದ ಪ್ರಯೋಜನವೇನಾದರೂ ಆಗಿದೆಯೇ? ಈ ಪ್ರಶ್ನೆಗೆ ಉತ್ತರಿಸುವುದು ಸುಲಭವಲ್ಲ. ಅನುದಾನ ಪಡೆದ ಕಂಪನಿ ಬೆಳೆಯಿತೆಂದರೆ, ಅದು ಮೊದಲೇ ಜಾಣ ಕಂಪನಿ, ಹಣವಿಲ್ಲದಿದ್ದರೂ ಬೆಳೆಯುತ್ತಿತ್ತು ಎನ್ನಬಹುದು. ಸಬ್ರಿನಾ ಹೊವೆಲ್ ಎಂಬ ಅರ್ಥಶಾಸ್ತ್ರಜ್ಞೆ 2017ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ತೊಡಕನ್ನು ಬಹಳ ಸೊಗಸಾಗಿ ಬಿಡಿಸಿತು. ಶಿಕ್ಷಕನಾಗಿ ನನಗೆ ಆ ವಿಧಾನ ಬಹಳ ಹಿಡಿಸಿತು. ಏಕೆಂದರೆ ನಾವೆಲ್ಲ ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಕಂಡದ್ದೇ ಅದು. 35 ಅಂಕ ಪಡೆದು ತೇರ್ಗಡೆಯಾದವನಿಗೂ 34 ಪಡೆದು ನಪಾಸಾದವನಿಗೂ ಬುದ್ಧಿಯಲ್ಲಿ ಇರುವ ಅಂತರವೆಷ್ಟು? ಏನೂ ಇಲ್ಲ. ಆದರೆ ಮುಂದೆ ಅವರ ದಾರಿಗಳು ಬೇರೆಯಾದರೆ ಅದಕ್ಕೆ ಕಾರಣ ಬುದ್ಧಿಯಲ್ಲ, ಆ ಗೆರೆ. ಹೊವೆಲ್ ಅವರು 1983ರಿಂದ 2013ರವರೆಗೆ ಇಂಧನ ಇಲಾಖೆಗೆ ಅರ್ಜಿ ಹಾಕಿದ ಸಾವಿರಾರು ಕಂಪನಿಗಳ ಶ್ರೇಯಾಂಕಗಳನ್ನು ಪಡೆದು, ಗೆರೆಯ ಮೇಲೆ ಉಳಿದವರನ್ನೂ ಕೆಳಗೆ ಜಾರಿದವರನ್ನೂ ಹೋಲಿಸಿದರು.

ಫಲಿತಾಂಶ ಹೀಗಿತ್ತು: ಮೊದಲ ಹಂತದ ಅನುದಾನ ಪಡೆದವರಿಗೆ ಮುಂದೆ ಖಾಸಗಿ ಹೂಡಿಕೆದಾರರ ಬಂಡವಾಳ ದೊರೆಯುವ ಸಂಭವ ಶೇಕಡ 10ರಿಂದ 19ಕ್ಕೆ, ಅಂದರೆ ಸುಮಾರು ಇಮ್ಮಡಿಗೆ ಏರಿತು. ಹೊಸದಾಗಿ ಹುಟ್ಟಿದ, ಕೈಯಲ್ಲಿ ಕಾಸಿಲ್ಲದ ಕಂಪನಿಗಳಲ್ಲಿ ಇದರ ಪರಿಣಾಮ ಇನ್ನೂ ಹೆಚ್ಚು. ಇನ್ನೊಂದು ಕಡೆ, ಎರಡನೆಯ ಹಂತದ ಆ ಭಾರಿ ಮೊತ್ತದಿಂದ ಹೇಳಿಕೊಳ್ಳುವಂತಹ ಪರಿಣಾಮವೇ ಕಾಣಲಿಲ್ಲ! ದೊಡ್ಡ ಹಣ ಮಾಡದ ಕೆಲಸವನ್ನು ಸಣ್ಣ ಹಣ ಮಾಡಿತು. ಇದು ಸರ್ಕಾರಿ ಮುದ್ರೆಯ ಮಹಿಮೆಯೇ? ಹಾಗಲ್ಲವೆಂಬುದೇ ಹೊವೆಲ್ ಅವರ ತೀರ್ಮಾನ. ಆ ಹಣದಲ್ಲಿ ಕಂಪನಿ ಒಂದು ಮಾದರಿಯನ್ನು ಕಟ್ಟಿ, ಪರೀಕ್ಷಿಸಿ, ಅಳತೆಗಳನ್ನು ಕೈಯಲ್ಲಿ ಹಿಡಿದು ಹೂಡಿಕೆದಾರರ ಮುಂದೆ ನಿಲ್ಲುವಂತಾಯಿತು, ಅದೇ ಗುಟ್ಟು.

ಈ ಮಾತಿಗೆ ರಕ್ತಮಾಂಸ ತುಂಬಿದ ಉದಾಹರಣೆ ಎ123 ಎಂಬ ಬ್ಯಾಟರಿ ಕಂಪನಿ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ರಸಾಯನಶಾಸ್ತ್ರ ಮರೆತವರು ಬೇಸರಿಸಬಾರದು.

ಲಿಥಿಯಂ ಬ್ಯಾಟರಿಯ ಧನಧ್ರುವಕ್ಕೆ ಮೊದಲು ಬಳಸುತ್ತಿದ್ದುದು ಕೋಬಾಲ್ಟ್. ಅದು ದುಬಾರಿ, ಬಿಸಿಯಾದರೆ ಅಪಾಯಕಾರಿ. 1990ರ ದಶಕದ ಉತ್ತರಾರ್ಧದಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್ ಅವರ ತಂಡ (ಅವರಿಗೆ 2019ರಲ್ಲಿ ನೊಬೆಲ್ ಬಂತು) ಕಬ್ಬಿಣ ಮತ್ತು ಫಾಸ್ಫೇಟ್‌ಗಳ ಸಂಯುಕ್ತವನ್ನು ಬಳಸಬಹುದೆಂದು ತೋರಿಸಿತು. ಕಬ್ಬಿಣ ಅಗ್ಗ, ಸುರಕ್ಷಿತ. ಒಂದೇ ಕೊರತೆಯೆಂದರೆ ಅದರೊಳಗೆ ವಿದ್ಯುತ್ ಸರಾಗವಾಗಿ ಹರಿಯದು. ಎಂಐಟಿಯ ಪ್ರಾಧ್ಯಾಪಕ ಯೆಟ್-ಮಿಂಗ್ ಚಿಯಾಂಗ್ ಮತ್ತು ಸಂಗಡಿಗರು ಆ ವಸ್ತುವನ್ನು ಅತಿ ಸೂಕ್ಷ್ಮ ಕಣಗಳನ್ನಾಗಿಸಿದರು. ಇಡಿಯ ಕಾಳಿಗಿಂತ ಹಿಟ್ಟು ಬೇಗ ಬೇಯುವುದಿಲ್ಲವೇ, ಹಾಗೆಯೇ ಇದು. ಕಣ ಚಿಕ್ಕದಾದಷ್ಟೂ ಲಿಥಿಯಂ ಅಯಾನು ಒಳಗೆ ಹೊಕ್ಕು ಹೊರಬರುವ ಹಾದಿ ಕಿರಿದಾಗುತ್ತದೆ. 2001ರಲ್ಲಿ ಅವರು ಎ123 ಕಂಪನಿ ಸ್ಥಾಪಿಸಿದರು. ಆರಂಭದ ದಿನಗಳಲ್ಲಿ ಇಂಧನ ಇಲಾಖೆಯ ಎಸ್‌ಬಿಐಆರ್ ಯೋಜನೆಯಿಂದ ಅವರಿಗೆ ದೊರೆತದ್ದು 1 ಲಕ್ಷ ಡಾಲರು. ಕೆಲವೇ ವರ್ಷಗಳಲ್ಲಿ ಅವರ ಬ್ಯಾಟರಿ ಮರ, ಗೋಡೆ ಕೊರೆಯುವ ಕೈಯಂತ್ರಗಳೊಳಗೆ ಕುಳಿತು ಮಾರುಕಟ್ಟೆಗೆ ಬಂತು.

ಮುಂದಿನದು ದುಃಖದ ಕಥೆ. 2009ರಲ್ಲಿ ಸರ್ಕಾರವೇ 24 ಕೋಟಿ 90 ಲಕ್ಷ ಡಾಲರು ಮಂಜೂರು ಮಾಡಿ ಕಾರ್ಖಾನೆ ಕಟ್ಟಿಸಹೊರಟಿತು. ವಿದ್ಯುತ್ ಕಾರುಗಳಿಗೆ ಆಗ ಗಿರಾಕಿಗಳೇ ಇರಲಿಲ್ಲ. 2012ರಲ್ಲಿ ದೋಷಪೂರಿತ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ದಿವಾಳಿ. ಚೀನಾದ ವಾನ್‌ಸಿಯಾಂಗ್ ಕಂಪನಿ ಸುಮಾರು 25 ಕೋಟಿ 66 ಲಕ್ಷ ಡಾಲರಿಗೆ ಅದನ್ನು ಹರಾಜಿನಲ್ಲಿ ಕೊಂಡಿತು. ಅಮೆರಿಕದ ಸಂಸತ್ತಿನಲ್ಲಿ ಕೋಲಾಹಲವೇ ಆಯಿತು.

ಈಗ ಹೇಳಿ, ಆ ಮೊದಲ 1 ಲಕ್ಷ ಡಾಲರು ಪೋಲಾಯಿತೇ? ಕಬ್ಬಿಣ-ಫಾಸ್ಫೇಟ್ ಬ್ಯಾಟರಿ ಇಂದು ಜಗತ್ತಿನ ವಿದ್ಯುತ್ ಕಾರುಗಳಲ್ಲಿ ಸುಮಾರು ಅರ್ಧಭಾಗವನ್ನು ಹೊರುತ್ತಿದೆ. ಬೆಂಗಳೂರಿನ ರಸ್ತೆಗಳಲ್ಲಿ ನೀವು ಕಾಣುವ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನೊಳಗಿರುವುದೂ ಇದೇ ರಸಾಯನ. ಎ123 ಒಂದೇ ಇದನ್ನೆಲ್ಲ ಸಾಧಿಸಿತೆಂದು ನಾನು ಹೇಳುವುದಿಲ್ಲ. ಕೆನಡಾ, ಅಮೆರಿಕ, ಚೀನಾಗಳ ಅನೇಕರ ಶ್ರಮ ಅದರಲ್ಲಿದೆ. ಆದರೆ ಈ ಕಗ್ಗಬ್ಬಿಣದ ಪುಡಿಯಿಂದ ಕಸುವುಳ್ಳ ಬ್ಯಾಟರಿ ಸಾಧ್ಯವೇ ಎಂಬ ಪ್ರಶ್ನೆಗೆ ಹೌದೆಂದು ಮಾರುಕಟ್ಟೆಯಲ್ಲಿ ನಿಂತು ಉತ್ತರಿಸಿದ ಮೊದಲಿಗರಲ್ಲಿ ಅವರಿದ್ದರು. ಸರ್ಕಾರ ಕೇಳಿದ ಪ್ರಶ್ನೆಗೆ ಸರಿಯುತ್ತರ ದೊರೆತಿತ್ತು. ಸೋತದ್ದು ಆ ಬಳಿಕದ ಕಾರ್ಖಾನೆಯ ಲೆಕ್ಕ. ಅದರ ಲಾಭ ಚೀನಾಕ್ಕೆ ಹೋಯಿತೆಂದು ಕೊರಗುವವರು ಕೊರಗಲಿ. ಆ ಕೊರಗಿನಲ್ಲಿ ನ್ಯಾಯವೂ ಇದೆ. ಚೀನಾ ತನ್ನ ಬ್ಯಾಟರಿಗೆ ಗಿರಾಕಿಗಳನ್ನೂ ಸೃಷ್ಟಿಸಿತು, ಅಮೆರಿಕ ಬರಿಯ ಕಾರ್ಖಾನೆಯನ್ನು ಸೃಷ್ಟಿಸಹೊರಟಿತು. ಆದರೆ ಆ ಕಾರಣಕ್ಕೆ ಮೊದಲ ಹಣವನ್ನೇ ನಿಲ್ಲಿಸಬೇಕೆನ್ನುವುದು, ಹಣ್ಣನ್ನು ಪಕ್ಕದ ಮನೆಯವರು ಕಿತ್ತುಕೊಂಡರೆಂದು ಸಸಿ ನೆಡುವುದನ್ನೇ ಬಿಟ್ಟಂತೆ.

ಇನ್ನೊಂದು ಕಂಪನಿಯ ಹೆಸರೇ 1366. ಭೂಮಿಯ ವಾತಾವರಣದ ಹೊರಗೆ ಪ್ರತಿ ಚದರ ಮೀಟರಿಗೆ ಬೀಳುವ ಸೂರ್ಯಶಕ್ತಿ 1366 ವಾಟ್ ಎಂಬ ಸೌರಸ್ಥಿರಾಂಕದಿಂದ ಬಂದ ಹೆಸರದು. (ಈಗಿನ ನಿಖರ ಅಳತೆಯ ಪ್ರಕಾರ ಅದು ಸುಮಾರು 1361. ಕಂಪನಿಯವರು ಹೆಸರು ಬದಲಿಸಲಿಲ್ಲ!) ಸಿಲಿಕಾನ್ ಗಟ್ಟಿಯನ್ನು ಗರಗಸದಿಂದ ತೆಳ್ಳಗೆ ಕೊಯ್ದು ಸೌರಕೋಶದ ಬಿಲ್ಲೆಗಳನ್ನು ಮಾಡುವಾಗ ಆ ದಿನಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸಿಲಿಕಾನ್ ಪುಡಿಯಾಗಿ ಹೋಗುತ್ತಿತ್ತು. ಕೊಯ್ಯುವ ಗೊಡವೆಯೇ ಇಲ್ಲದೆ, ಕರಗಿದ ಸಿಲಿಕಾನ್‌ನಿಂದ ನೇರವಾಗಿ ಬಿಲ್ಲೆಯನ್ನು ತೆಗೆಯುವುದು ಇವರ ಯೋಚನೆ. ಹಿಟ್ಟಿನ ಮುದ್ದೆ ಮಾಡಿ ಕೊಯ್ಯುವ ಬದಲು ಕಾವಲಿಯ ಮೇಲೆ ದೋಸೆ ಹೊಯ್ದಂತೆ. ಇಂಧನ ಇಲಾಖೆಯ ಆರ್ಪಾ-ಇ ಸಂಸ್ಥೆ 2009ರಲ್ಲಿ ತನ್ನ ಮೊಟ್ಟಮೊದಲ ಸುತ್ತಿನಲ್ಲೇ ಇವರಿಗೆ 40 ಲಕ್ಷ ಡಾಲರು ಕೊಟ್ಟಿತು. ಆ ಸುತ್ತಿಗೆ ಬಂದ ಪ್ರಸ್ತಾವಗಳು ಸುಮಾರು 3,700, ಆಯ್ಕೆಯಾದವು 37. ಸಂಸ್ಥೆಯ ಮೊದಲ ನಿರ್ದೇಶಕರು ನಮ್ಮ ಮುಂಬಯಿ ಐಐಟಿಯಲ್ಲಿ ಓದಿದ ಅರುಣ್ ಮಜುಂದಾರ್. ಬಿಲ್ಲೆ ತಯಾರಾಯಿತು, ತಂತ್ರ ನಡೆಯಿತು. ಆದರೆ ಅಷ್ಟರಲ್ಲಿ ಚೀನಾದವರು ವಜ್ರದ ಪುಡಿ ಲೇಪಿಸಿದ ತಂತಿಯಿಂದ ಕೊಯ್ಯುವುದನ್ನು ಕಲಿತು ಬೆಲೆಯನ್ನು ಪಾತಾಳಕ್ಕಿಳಿಸಿದ್ದರು. ಕಂಪನಿ 2021ರಲ್ಲಿ ಇನ್ನೊಂದರ ಜೊತೆ ಸೇರಿ ಕ್ಯೂಬಿಕ್‌ಪಿವಿ ಎಂದಾಯಿತು. 2024ರಲ್ಲಿ ಅದು ಅಮೆರಿಕದಲ್ಲಿ ಬಿಲ್ಲೆಯ ಕಾರ್ಖಾನೆ ಕಟ್ಟುವ ಯೋಜನೆಯನ್ನು ಕೈಬಿಟ್ಟಿತು.

ಇಂತಹ ಸೋಲುಗಳನ್ನು ಪಟ್ಟಿ ಮಾಡಿ "ನೋಡಿ ಸಾರ್ವಜನಿಕರ ಹಣ!" ಎನ್ನುವವರಿಗೆ ಪ್ರೌಢಶಾಲೆಯ ಪ್ರಯೋಗಾಲಯವನ್ನು ನೆನಪಿಸಬಯಸುತ್ತೇನೆ. ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ 9.8 ಬರಬೇಕೆಂದು ಪುಸ್ತಕದಲ್ಲಿದೆ. 9.8 ಬಂದವನಿಗೆ ಮಾತ್ರ ಪೂರ್ಣಾಂಕವೆಂದು ಮೇಷ್ಟರು ಹೇಳಿಬಿಟ್ಟರೆ ಏನಾಗುತ್ತದೆಂದು ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಗೊತ್ತು. ದಾರ ತೂಗುಹಾಕುವ ಮೊದಲೇ ದಾಖಲೆ ಪುಸ್ತಕದಲ್ಲಿ 9.8 ಬಂದು ಕುಳಿತಿರುತ್ತದೆ! ಆಂದೋಲನದ ಕಾಲವನ್ನು ಉತ್ತರದಿಂದ ಹಿಂದಕ್ಕೆ ಲೆಕ್ಕಹಾಕಿ ಬರೆಯುವ ಕಲೆಯಲ್ಲಿ ನಿಮ್ಮಲ್ಲಿ ಹಲವರು ಪಾರಂಗತರಾಗಿದ್ದಿರಿ. ಸೋತ ಪ್ರಯೋಗಕ್ಕೆ ಶಿಕ್ಷೆಯಿರುವ ಕಡೆ ಸುಳ್ಳು ಅಳತೆಗಳು ಹುಟ್ಟುತ್ತವೆ, ಇಲ್ಲವೇ ಗೆಲ್ಲುವುದು ಮೊದಲೇ ಖಚಿತವಿರುವ ಪ್ರಯೋಗಗಳನ್ನಷ್ಟೇ ಜನ ಮಾಡುತ್ತಾರೆ. ಎರಡನೆಯದಕ್ಕೆ ಸರ್ಕಾರದ ಹಣ ಬೇಕೇ? ಅದಕ್ಕೆ ಬ್ಯಾಂಕುಗಳಿವೆ.

ಹಾಗೆಂದು ಈ ಯೋಜನೆಯಲ್ಲಿ ಹುಳುಕೇ ಇಲ್ಲವೆಂದು ನಾನು ವಾದಿಸಲಾರೆ. ಅನುದಾನದ ಅರ್ಜಿ ಬರೆಯುವುದನ್ನೇ ಕಸುಬಾಗಿಸಿಕೊಂಡ ಕಂಪನಿಗಳು ಅಲ್ಲಿ ಹುಟ್ಟಿಕೊಂಡಿವೆ. ವರ್ಷ ವರ್ಷವೂ ಹತ್ತಾರು ಅನುದಾನ ಪಡೆದು, ವರದಿ ಒಪ್ಪಿಸಿ, ಮಾರುಕಟ್ಟೆಯತ್ತ ತಲೆಹಾಕದೆ ದಶಕಗಳನ್ನು ಕಳೆದವರಿದ್ದಾರೆ. ಹಿಂದೆ ಅನೇಕ ಅನುದಾನ ಪಡೆದವರಿಗೆ ಮತ್ತೊಂದು ಕೊಟ್ಟರೆ ಪ್ರಯೋಜನ ಕುಗ್ಗುತ್ತದೆಂದು ಹೊವೆಲ್ ಅವರ ಅಧ್ಯಯನವೂ ತೋರಿಸಿತು. ಸೆನೆಟರ್ ಜೋನಿ ಅರ್ನ್ಸ್ಟ್ 2025ರಲ್ಲಿ ಒಂದು ಕಂಪನಿಗೆ ಜೀವಮಾನದಲ್ಲಿ 7.5 ಕೋಟಿ ಡಾಲರಿನ ಮಿತಿ ಹಾಕಬೇಕೆಂದು ಮಸೂದೆ ತಂದರು; ಅದರಲ್ಲಿ ಬೇರೆ ಷರತ್ತುಗಳೂ ಇದ್ದವು. ಮಿತಿ ಬೇಕೆಂಬ ಮಾತು ನನಗೆ ಒಪ್ಪಿಗೆಯೇ. ಸೋತವನಿಗೆ ಮತ್ತೆ ಕೊಡಬಹುದು, ಪ್ರಯತ್ನಿಸದವನಿಗೆ ಕೊಡಬಾರದು. ಆದರೆ ಸೆನೆಟಿನಲ್ಲಿ ಒಮ್ಮತ ಮೂಡದೆ, ಯೋಜನೆಯ ಅವಧಿ 2025ರ ಸೆಪ್ಟೆಂಬರ್ 30ರಂದು ನವೀಕರಣವಿಲ್ಲದೆ ಮುಗಿದುಹೋಯಿತು. ಹೊಸ ಅರ್ಜಿಗಳನ್ನು ಕರೆಯುವ ಕೆಲಸ ನಿಂತಿತು. ಕಳೆ ಕೀಳುವ ಬಗೆಯ ಜಗಳದಲ್ಲಿ ಬಿತ್ತನೆಯ ಹದವೇ ತಪ್ಪಿತು. ಹತ್ತು ಜನರಿರುವ ಕಂಪನಿಗೆ ಆರು ತಿಂಗಳ ವಿಳಂಬವೆಂದರೆ ವಿಳಂಬವಲ್ಲ, ಬಾಗಿಲು ಮುಚ್ಚುವುದೇ.

ಇನ್ನು ನಮ್ಮ ಮನೆಯ ವಿಷಯ. ಎಸ್‌ಬಿಐಆರ್ ಹೆಸರನ್ನೇ ಹೋಲುವ ಎಸ್‌ಬಿಐಆರ್‌ಐ ಎಂಬ ಯೋಜನೆಯನ್ನು ನಮ್ಮ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2005ರಲ್ಲಿ ಆರಂಭಿಸಿತು. ಅದು ಔಷಧಿ, ಬೀಜ, ಜೀವಶಾಸ್ತ್ರದ ಉದ್ದಿಮೆಗಳಿಗಾಗಿ. ಶಕ್ತಿಕ್ಷೇತ್ರದಲ್ಲಿ ನಾವು ದೊಡ್ಡ ಮೊತ್ತಗಳನ್ನು ಪ್ರೀತಿಸುವವರು. 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ಹಸಿರು ಜಲಜನಕ ಅಭಿಯಾನದ ಗಾತ್ರ 19,744 ಕೋಟಿ ರೂಪಾಯಿ. ಅದರಲ್ಲಿ ಸಂಶೋಧನೆಗೆ ಇಟ್ಟದ್ದು 400 ಕೋಟಿ, ಅಂದರೆ ನೂರಕ್ಕೆ ಎರಡು. ಧಾರವಾಡದ ಸಂಸದರೂ ಆದ ಸಚಿವ ಪ್ರಲ್ಹಾದ ಜೋಶಿಯವರು 2025ರ ಸೆಪ್ಟೆಂಬರಿನಲ್ಲಿ ನವೋದ್ಯಮಗಳಿಗೆಂದೇ 100 ಕೋಟಿಯ ಯೋಜನೆ ಪ್ರಕಟಿಸಿದರು, ಒಂದೊಂದಕ್ಕೆ 5 ಕೋಟಿಯವರೆಗೆ. ಸ್ವಾಗತಾರ್ಹವೇ. ಆದರೆ 5 ಕೋಟಿಯಂತೆ ಕೊಟ್ಟರೆ ಅದು 20 ಜನರಿಗೆ ಮುಗಿಯುತ್ತದೆ.

ಇದಕ್ಕಿಂತಲೂ ನನ್ನನ್ನು ಕಾಡುವುದು 2025ರ ಜುಲೈ 1ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ 1 ಲಕ್ಷ ಕೋಟಿ ರೂಪಾಯಿಯ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ನಿಧಿ. ಶಕ್ತಿಕ್ಷೇತ್ರವೂ ಅದರ ವ್ಯಾಪ್ತಿಯಲ್ಲಿದೆ. ತಂತ್ರಜ್ಞಾನದ ಪಕ್ವತೆಯನ್ನು ಒಂದರಿಂದ ಒಂಬತ್ತು ಮೆಟ್ಟಿಲುಗಳಾಗಿ ಅಳೆಯುವ ಪದ್ಧತಿಯಿದೆ. ಒಂದು ಎಂದರೆ ತಲೆಯೊಳಗಿನ ಕಲ್ಪನೆ, ನಾಲ್ಕು ಎಂದರೆ ಪ್ರಯೋಗಾಲಯದಲ್ಲಿ ಸಿದ್ಧಪಟ್ಟದ್ದು, ಒಂಬತ್ತು ಎಂದರೆ ಬಳಕೆಗೆ ಬಂದದ್ದು. ಈ ನಿಧಿ ತೆರೆದುಕೊಳ್ಳುವುದು ನಾಲ್ಕನೆಯ ಮೆಟ್ಟಿಲಿನಿಂದ ಮೇಲಕ್ಕೆ. ಅದೂ ದೀರ್ಘಾವಧಿಯ ಸಾಲವಾಗಿ ಅಥವಾ ಷೇರು ಬಂಡವಾಳವಾಗಿ. ಅನುದಾನಕ್ಕೆ ಅಲ್ಲಿ ಅವಕಾಶವಿಲ್ಲ. ಮೊದಲ ಮೂರು ಮೆಟ್ಟಿಲು ಹತ್ತುವವನಿಗೆ ಯಾರು ಗತಿ? ವಿಶ್ವವಿದ್ಯಾಲಯದ ಒಳಗಿದ್ದರೆ ದಾರಿಗಳಿವೆ. ಹೊರಗೆ ಗ್ಯಾರೇಜಿನಲ್ಲಿ ಕುಳಿತ ಇಬ್ಬರು ಹುಡುಗಿಯರಿಗೆ ನಿಧಿ-ಪ್ರಯಾಸ್ ಎಂಬ ಯೋಜನೆಯಲ್ಲಿ 10 ಲಕ್ಷ ರೂಪಾಯಿಯವರೆಗೆ ದೊರೆಯುತ್ತದೆ. ವಿದ್ಯುನ್ಮಾನ ಮಂಡಲವೊಂದನ್ನು ಕಟ್ಟಲು ಅದು ಸಾಕಾದೀತು. ಹೊಸ ಬ್ಯಾಟರಿಯ ರಸಾಯನವನ್ನೋ ಜಲಜನಕ ತೆಗೆಯುವ ಹೊಸ ಪೊರೆಯನ್ನೋ ಪರೀಕ್ಷಿಸಹೊರಟವರಿಗೆ ತೇವಾಂಶವಿಲ್ಲದ ಗಾಜಿನ ಪೆಟ್ಟಿಗೆ, ತಿಂಗಳುಗಟ್ಟಲೆ ಚಾರ್ಜು ಮಾಡಿ ಇಳಿಸಿ ಅಳೆಯುವ ಯಂತ್ರ, ಇವುಗಳ ಖರೀದಿಯಲ್ಲೇ ಅದು ಕರಗಿಹೋಗುತ್ತದೆ.

ಹೀಗೇಕೆ ಎಂಬುದಕ್ಕೆ ನನ್ನದೊಂದು ಊಹೆಯಿದೆ. ಸರ್ಕಾರಿ ಸೇವೆಯಲ್ಲಿದ್ದ ನೀವೆಲ್ಲ ಅದನ್ನು ಒಪ್ಪುವಿರಿ. ನಮ್ಮಲ್ಲಿ ಸೋತ ಪ್ರಯೋಗವೆಂದರೆ ಲೆಕ್ಕಪರಿಶೋಧಕರ ಆಕ್ಷೇಪಣೆ. ಹಣ ಪಡೆದವನು ಬಳಕೆಯ ಪ್ರಮಾಣಪತ್ರ ಕೊಟ್ಟರೂ "ಇದರಿಂದ ಸಾಧಿಸಿದ್ದೇನು?" ಎಂಬ ಕೆಂಪು ಶಾಯಿಯ ಪ್ರಶ್ನೆ ಹತ್ತು ವರ್ಷ ಕಳೆದ ಮೇಲೂ ಮಂಜೂರು ಮಾಡಿದ ಅಧಿಕಾರಿಯ ಬೆನ್ನು ಹತ್ತುತ್ತದೆ. ಪಿಂಚಣಿಯ ಕಡತ ಅಷ್ಟಕ್ಕೇ ನಿಂತೀತು. ಆದುದರಿಂದ ಅಧಿಕಾರಿ ನಾಲ್ಕನೆಯ ಮೆಟ್ಟಿಲಿನ ಮೇಲಿರುವವನನ್ನೇ ಆರಿಸುತ್ತಾನೆ. ಅವನನ್ನು ದೂಷಿಸುವುದರಲ್ಲಿ ಅರ್ಥವಿಲ್ಲ. ಸೋಲನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲು ಒಂದು ಕಾಲಮ್ಮನ್ನೇ ನಾವು ಇಟ್ಟಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಆ 1 ಲಕ್ಷ ಕೋಟಿಯಲ್ಲಿ ನೂರರಲ್ಲಿ ಒಂದು ಪಾಲನ್ನು, ಅಂದರೆ 1,000 ಕೋಟಿಯನ್ನು, ಮೊದಲ ಮೂರು ಮೆಟ್ಟಿಲುಗಳಿಗೆ ಅನುದಾನವಾಗಿ ಮೀಸಲಿಡಲಿ. ತಲಾ 1 ಕೋಟಿ, ಒಂದು ವರ್ಷದ ಅವಧಿ, ಒಬ್ಬರಿಗೆ ಎರಡಕ್ಕಿಂತ ಹೆಚ್ಚಿಲ್ಲ. ಮುಗಿದ ಮೇಲೆ ಅಳತೆಗಳೆಲ್ಲ ಬಹಿರಂಗ, ಸೋತವರದೂ ಸೇರಿ. ಒಟ್ಟು ಸಾವಿರ ಪ್ರಯೋಗಗಳು. ಅವುಗಳಲ್ಲಿ 900 ಸೋಲಬಹುದೆಂದು ಆದೇಶದ ಮೊದಲ ಪುಟದಲ್ಲೇ ಬರೆದಿಡಲಿ, ಸಚಿವರ ಸಹಿಯ ಸಮೇತ. ಹತ್ತು ವರ್ಷದ ತರುವಾಯ ಬರುವ ಲೆಕ್ಕಪರಿಶೋಧಕರಿಗೆ ತೋರಿಸಲು ಅದು ಬೇಕಾಗುತ್ತದೆ.